ಪಾರ್ಟ್ ಬಿ ಗಿವ್‌ಬ್ಯಾಕ್: ಹಣ ಬರುವುದು ಎಲ್ಲಿಂದ, ಸೇರುವುದು ಎಲ್ಲಿಗೆ, ಯಾರಿಗೆ ಸಿಗುವುದಿಲ್ಲ?

ಬಿಲ್‌ನೋಡುಗ:

ಎಲ್ಲರಿಗೂ ನಮಸ್ಕಾರ. ಅಪ್ಪನಿಗೂ ನಮ್ಮ ಅತ್ತೆಯವರಿಗೂ 2026ಕ್ಕೆ ಮೆಡಿಕೇರ್ ಅಡ್ವಾಂಟೇಜ್ ಪ್ಲ್ಯಾನ್ (ಅಮೆರಿಕದಲ್ಲಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರನ್ನು ಖಾಸಗಿ ಕಂಪನಿ ಮೂಲಕ ಪಡೆಯುವ ಪ್ಲ್ಯಾನ್) ಹುಡುಕುತ್ತಿದ್ದೇವೆ. ಒಂದು ಪ್ಲ್ಯಾನ್‌ನಲ್ಲಿ ತಿಂಗಳಿಗೆ 70 ಡಾಲರ್ ಪಾರ್ಟ್ ಬಿ ಗಿವ್‌ಬ್ಯಾಕ್ ಎಂದು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಪ್ಲ್ಯಾನ್‌ನ ಸ್ವಂತ ಪ್ರೀಮಿಯಂ ಸೊನ್ನೆ.

ಅಪ್ಪನಿಗೆ ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಬರುತ್ತದೆ, ಪಾರ್ಟ್ ಬಿ (ಮೆಡಿಕೇರ್‌ನ ಡಾಕ್ಟರ್, ಹೊರರೋಗಿ ಸೇವೆಗಳ ಭಾಗ) ಪ್ರೀಮಿಯಂ ಅದರಲ್ಲೇ ಕಡಿತವಾಗುತ್ತದೆ. ಅತ್ತೆಯವರು ಗ್ರೀನ್ ಕಾರ್ಡ್ ಮೇಲೆ ಬಂದವರು, ಐದು ವರ್ಷ ದಾಟಿದೆ. ಇಲ್ಲಿ ಕೆಲಸ ಮಾಡಿಲ್ಲ, ಸೋಷಿಯಲ್ ಸೆಕ್ಯುರಿಟಿ ಇಲ್ಲ. ಪಾರ್ಟ್ ಎ (ಆಸ್ಪತ್ರೆ ವಿಮೆಯ ಭಾಗ) ಮತ್ತು ಬಿ ಎರಡನ್ನೂ ದುಡ್ಡು ಕೊಟ್ಟೇ ತೆಗೆದುಕೊಂಡಿದ್ದಾರೆ, ಬಿಲ್ ಮನೆಗೆ ಬರುತ್ತದೆ.

ಗೊತ್ತಾಗಬೇಕಾದದ್ದು ಇಷ್ಟು: ಈ 70 ಡಾಲರ್ ಯಾರು, ಯಾವಾಗ, ಯಾವ ಖಾತೆಗೆ ಕೊಡುತ್ತಾರೆ? ಸೋಷಿಯಲ್ ಸೆಕ್ಯುರಿಟಿ ಇಲ್ಲದವರಿಗೂ ಸಿಗುತ್ತದೆಯೇ? ಬೇರೆ ಅರ್ಜಿ ಹಾಕಬೇಕೇ? ಇದರಲ್ಲಿ ಕೊಕ್ಕೆ ಎಲ್ಲಿದೆ? ಡಿಸೆಂಬರ್ 7ರೊಳಗೆ ತೀರ್ಮಾನ ಮಾಡಬೇಕು.

ಲೆಕ್ಕದಪುಸ್ತಕ:

ಪ್ಲ್ಯಾನ್‌ನವರು ಯಾರ ಖಾತೆಗೂ ಹಣ ಹಾಕುವುದಿಲ್ಲ, ಚೆಕ್ಕೂ ಕಳಿಸುವುದಿಲ್ಲ. ಸದಸ್ಯರಿಗೆ ನೇರವಾಗಿ ನಗದು ಕೊಡಲು ಅವರಿಗೆ ಅನುಮತಿಯೇ ಇಲ್ಲ. ಗಿವ್‌ಬ್ಯಾಕ್ ಎನ್ನುವುದು ಜಾಹೀರಾತಿನ ಹೆಸರು. ಮೆಡಿಕೇರ್ ದಾಖಲೆಗಳಲ್ಲಿ ಇದನ್ನು ಪಾರ್ಟ್ ಬಿ ಪ್ರೀಮಿಯಂ ರಿಡಕ್ಷನ್ ಎನ್ನುತ್ತಾರೆ, ನಡೆಯುವುದೂ ಅಷ್ಟೇ: ನೀವು ಸರ್ಕಾರಕ್ಕೆ ಕಟ್ಟುವ ಪಾರ್ಟ್ ಬಿ ಮೊತ್ತ ಕಡಿಮೆಯಾಗುತ್ತದೆ.

ಹಣದ ಮೂಲ ಗೊತ್ತಿದ್ದರೆ ಉಳಿದದ್ದು ಸುಲಭ. ಪ್ರತಿ ಕೌಂಟಿಗೂ ಮೆಡಿಕೇರ್ ಒಂದು ಬೆಂಚ್‌ಮಾರ್ಕ್ ಮೊತ್ತ ಗೊತ್ತು ಮಾಡುತ್ತದೆ. ಪಾರ್ಟ್ ಎ ಮತ್ತು ಬಿ ಸೇವೆಗಳನ್ನು ಅದಕ್ಕಿಂತ ಕಡಿಮೆಯಲ್ಲಿ ಕೊಡುತ್ತೇವೆ ಎಂದು ಕಂಪನಿ ಬಿಡ್ ಹಾಕಿದರೆ, ವ್ಯತ್ಯಾಸದ ಒಂದು ಪಾಲು ರಿಬೇಟ್ ಆಗಿ ಪ್ಲ್ಯಾನ್‌ಗೆ ಸಿಗುತ್ತದೆ. ಪಾಲು ಎಷ್ಟು ಎನ್ನುವುದು ಪ್ಲ್ಯಾನ್‌ನ ಗುಣಮಟ್ಟಕ್ಕೆ ಮೆಡಿಕೇರ್ ಕೊಡುವ ಸ್ಟಾರ್ ರೇಟಿಂಗ್ ಮೇಲೆ ನಿಂತಿದೆ: ನಾಲ್ಕೂವರೆ ಅಥವಾ ಹೆಚ್ಚು ಸ್ಟಾರ್ ಇದ್ದರೆ ಶೇಕಡ 70, ಮೂರೂವರೆಯಿಂದ ನಾಲ್ಕೂವರೆಯ ಒಳಗೆ 65, ಅದಕ್ಕೂ ಕೆಳಗೆ 50. ಆ ರಿಬೇಟನ್ನು ಕಂಪನಿ ತನ್ನ ಜೇಬಿಗೆ ಹಾಕಿಕೊಳ್ಳುವಂತಿಲ್ಲ, ಸದಸ್ಯರ ಅನುಕೂಲಕ್ಕೇ ಬಳಸಬೇಕು. ಕೋಪೇ (ಪ್ರತಿ ಸೇವೆಗೆ ಸದಸ್ಯರು ಕೊಡುವ ಪಾಲು) ಇಳಿಸಬಹುದು, ಹಲ್ಲು-ಕಣ್ಣಿನ ಸೌಲಭ್ಯ ಕೊಡಬಹುದು, ಔಷಧಿ ಪ್ರೀಮಿಯಂ ಇಳಿಸಬಹುದು ಅಥವಾ ಪಾರ್ಟ್ ಬಿ ಪ್ರೀಮಿಯಂ ಕಡಿಮೆ ಮಾಡಬಹುದು. ಅಂದರೆ ಗಿವ್‌ಬ್ಯಾಕ್‌ಗೆ ಹಾಕಿದ ಪ್ರತಿ ಡಾಲರ್ ಬೇರೆ ಕಡೆಯಿಂದ ತೆಗೆದ ಡಾಲರ್. ನೀವು ಕೇಳಿದ ಕೊಕ್ಕೆ ಇದೇ.

ಈಗ ಅಪ್ಪನವರ ವಿಷಯ. 2026ರಲ್ಲಿ ಪಾರ್ಟ್ ಬಿ ಸ್ಟ್ಯಾಂಡರ್ಡ್ ಪ್ರೀಮಿಯಂ ತಿಂಗಳಿಗೆ 202.90 ಡಾಲರ್ (2025ರಲ್ಲಿ 185 ಇತ್ತು). 70 ಡಾಲರ್ ರಿಡಕ್ಷನ್ ಇದ್ದರೆ ಕಡಿತವಾಗುವುದು 132.90. ಸೋಷಿಯಲ್ ಸೆಕ್ಯುರಿಟಿ ಒಟ್ಟು 1,800 ಎಂದಿಟ್ಟುಕೊಳ್ಳಿ, ಬೇರೆ ಯಾವ ಕಡಿತವೂ ಇಲ್ಲ. ಗಿವ್‌ಬ್ಯಾಕ್ ಇಲ್ಲದೆ ಕೈಗೆ 1,597 ಬರುತ್ತದೆ, ಇದ್ದರೆ 1,667. ಪ್ರೀಮಿಯಂ ಕಳೆದ ಮೇಲೆ ಸೆಂಟ್‌ಗಳನ್ನು ಬಿಟ್ಟು ಪೂರ್ತಿ ಡಾಲರ್‌ಗೆ ಇಳಿಸಿ ಕೊಡುತ್ತಾರೆ, ಹಾಗಾಗಿ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ 202.90 ಎಂಬ ಸಂಖ್ಯೆ ಹುಡುಕಿದರೆ ಸಿಗುವುದಿಲ್ಲ.

ಬೇರೆ ಅರ್ಜಿ ಬೇಕಿಲ್ಲ. ಪ್ಲ್ಯಾನ್‌ಗೆ ಸೇರಿದರೆ ಸಾಕು. ಮಾಹಿತಿ ಪ್ಲ್ಯಾನ್‌ನಿಂದ ಮೆಡಿಕೇರ್‌ಗೆ, ಅಲ್ಲಿಂದ ಸೋಷಿಯಲ್ ಸೆಕ್ಯುರಿಟಿಗೆ ಹೋಗುತ್ತದೆ. ಈ ಓಡಾಟಕ್ಕೆ ಒಂದರಿಂದ ಮೂರು ತಿಂಗಳು ಹಿಡಿಯಬಹುದು. ಜನವರಿಯಲ್ಲಿ ಪ್ಲ್ಯಾನ್ ಶುರುವಾಗಿ ಮಾರ್ಚ್‌ವರೆಗೂ ಪೂರ್ತಿ 202.90 ಕಡಿತವಾಗುತ್ತಿದ್ದರೆ ಗಾಬರಿಯಾಗಬೇಡಿ, ಹಿಂದಿನ ತಿಂಗಳುಗಳದ್ದು ಒಟ್ಟಿಗೆ ಸೇರಿಸಿ ಕೊಡುತ್ತಾರೆ. ಅಲ್ಲಿಯವರೆಗೆ ಆ ಹಣವನ್ನು ನಂಬಿ ಮನೆಯ ಬಜೆಟ್ ಹಾಕದಿದ್ದರೆ ಒಳ್ಳೆಯದು.

ಸಿಗಬೇಕಾದರೆ ಇರಬೇಕಾದದ್ದು: ಪಾರ್ಟ್ ಎ ಮತ್ತು ಬಿ ಎರಡೂ ಇರಬೇಕು, ವಾಸ ಪ್ಲ್ಯಾನ್‌ನ ಸೇವಾ ಪ್ರದೇಶದಲ್ಲಿರಬೇಕು, ಪಾರ್ಟ್ ಬಿ ಪ್ರೀಮಿಯಂ ನಿಮ್ಮದೇ ಹೊಣೆಯಾಗಿರಬೇಕು. ರಾಜ್ಯದ ಮೆಡಿಕೇಯ್ಡ್ (ಕಡಿಮೆ ಆದಾಯದವರ ಆರೋಗ್ಯ ನೆರವು) ಕಟ್ಟುತ್ತಿದ್ದರೆ ನಿಮ್ಮ ಕೈಗೆ ಏನೂ ಬರುವುದಿಲ್ಲ. ಗಂಡ-ಹೆಂಡತಿ ಇಬ್ಬರೂ ಒಂದೇ ಪ್ಲ್ಯಾನ್‌ನಲ್ಲಿದ್ದರೆ ಇಬ್ಬರ ಲೆಕ್ಕವೂ ಬೇರೆ ಬೇರೆ.

ಇನ್ನೊಂದು, ಮೂಲ ಮೆಡಿಕೇರ್ (ಸರ್ಕಾರವೇ ನೇರವಾಗಿ ನಡೆಸುವುದು) ಜೊತೆ ಮೆಡಿಗ್ಯಾಪ್ (ಅದರಲ್ಲಿ ಉಳಿಯುವ ಖರ್ಚು ತುಂಬುವ ಖಾಸಗಿ ಪೂರಕ ವಿಮೆ) ಇಟ್ಟುಕೊಂಡವರಿಗೆ ಗಿವ್‌ಬ್ಯಾಕ್ ಇಲ್ಲ. ಇದು ಅಡ್ವಾಂಟೇಜ್ ಪ್ಲ್ಯಾನ್‌ಗಳಿಗೆ ಸೇರಿದ ಸೌಲಭ್ಯ. ಹಾಗೆಂದು ಎಲ್ಲಾ ಅಡ್ವಾಂಟೇಜ್ ಪ್ಲ್ಯಾನ್‌ಗಳಲ್ಲೂ ಇರುವುದಿಲ್ಲ, ಇದ್ದ ಕಡೆಯೂ ಮೊತ್ತ ಕೆಲವು ಸೆಂಟ್‌ನಿಂದ ಹಿಡಿದು ಪೂರ್ತಿ ಪ್ರೀಮಿಯಂವರೆಗೆ ಬದಲಾಗುತ್ತದೆ. "ಇಷ್ಟರವರೆಗೆ" ಎಂಬ ಜಾಹೀರಾತಿನ ಮಾತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ದಂಡಶುಲ್ಕ:

ಮೇಲಿನವರು ಬಿಟ್ಟ ಒಂದು ವಿಷಯ. ರಿಡಕ್ಷನ್ ಅನ್ವಯಿಸುವುದು ಸ್ಟ್ಯಾಂಡರ್ಡ್ ಪ್ರೀಮಿಯಂಗೆ ಮಾತ್ರ. ತಡವಾಗಿ ಸೇರಿದ್ದಕ್ಕೆ ಬೀಳುವ ದಂಡಕ್ಕೂ ಹೆಚ್ಚು ಆದಾಯದವರ ಸರ್ಚಾರ್ಜ್‌ಗೂ ಅದು ತಾಗುವುದಿಲ್ಲ.

ಪಾರ್ಟ್ ಬಿಗೆ ತಡವಾದ ಪ್ರತಿ ಪೂರ್ಣ 12 ತಿಂಗಳಿಗೆ ಶೇಕಡ 10 ದಂಡ. ಎರಡು ವರ್ಷ ತಡವಾದವರು 2026ರಲ್ಲಿ ಕಟ್ಟುವುದು 243.50. ಇವರಿಗೆ ಪೂರ್ತಿ 202.90 ಗಿವ್‌ಬ್ಯಾಕ್ ಸಿಕ್ಕರೂ 40.60 ದಂಡ ಉಳಿಯುತ್ತದೆ. ಆದಾಯದ ಸರ್ಚಾರ್ಜ್ 2026ರಲ್ಲಿ ಒಬ್ಬರಿಗೆ 1,09,000, ಜಂಟಿಯಾಗಿ ಟ್ಯಾಕ್ಸ್ ಫೈಲ್ ಮಾಡುವವರಿಗೆ 2,18,000 ಡಾಲರ್ ದಾಟಿದರೆ ಶುರು. ನೋಡುವುದು 2024ರ ಟ್ಯಾಕ್ಸ್ ರಿಟರ್ನ್. ಮೊದಲ ಹಂತದಲ್ಲೇ ಪಾರ್ಟ್ ಬಿ 284.10 ಆಗುತ್ತದೆ, 70 ಕಳೆದರೆ 214.10. ನಿವೃತ್ತಿಯಿಂದ ಆದಾಯ ಇಳಿದಿದ್ದರೆ ಗಿವ್‌ಬ್ಯಾಕ್ ಬೆನ್ನು ಹತ್ತುವುದಕ್ಕಿಂತ ಸೋಷಿಯಲ್ ಸೆಕ್ಯುರಿಟಿಗೆ ಎಸ್‌ಎಸ್‌ಎ-44 ಫಾರಂ ಕೊಟ್ಟು ಸರ್ಚಾರ್ಜ್ ತೆಗೆಸುವುದು ಹೆಚ್ಚು ಲಾಭ.

ಗ್ರೀನ್‌ಕಾರ್ಡ್ ಗಂಟು:

ಅತ್ತೆಯವರ ಪ್ರಶ್ನೆಗೆ. ಹೌದು, ಸೋಷಿಯಲ್ ಸೆಕ್ಯುರಿಟಿ ಇಲ್ಲದವರಿಗೂ ಸಿಗುತ್ತದೆ. ಅವರಿಗೆ ಬಿಲ್ ಇಳಿಯುತ್ತದೆ.

ಪಾರ್ಟ್ ಎ ಉಚಿತವಾಗಿದ್ದು ಇನ್ನೂ ಸೋಷಿಯಲ್ ಸೆಕ್ಯುರಿಟಿ ಶುರು ಮಾಡದವರಿಗೆ ಮೂರು ತಿಂಗಳಿಗೊಂದು ಬಿಲ್. 70 ಗಿವ್‌ಬ್ಯಾಕ್ ಇದ್ದರೆ 608.70 ಬದಲು 398.70 ಆಗುತ್ತದೆ. ಬರೀ ಪಾರ್ಟ್ ಬಿ ಇಟ್ಟುಕೊಂಡವರು ಅಡ್ವಾಂಟೇಜ್ ಪ್ಲ್ಯಾನ್‌ಗೇ ಸೇರುವಂತಿಲ್ಲ. ಪಾರ್ಟ್ ಎಗೂ ದುಡ್ಡು ಕೊಡುವವರಿಗೆ ಬಿಲ್ ಪ್ರತಿ ತಿಂಗಳು ಬರುತ್ತದೆ. ಅತ್ತೆಯವರಿಗೆ 2026ರಲ್ಲಿ ಪಾರ್ಟ್ ಎ 565, ಪಾರ್ಟ್ ಬಿ 202.90, ಒಟ್ಟು 767.90. ಗಿವ್‌ಬ್ಯಾಕ್ ಬಂದರೆ 697.90. ಪಾರ್ಟ್ ಎಯ 565ನ್ನು ಯಾವ ಗಿವ್‌ಬ್ಯಾಕೂ ಮುಟ್ಟುವುದಿಲ್ಲ. ಬಿಲ್ಲನ್ನು ಮಗಳೋ ಅಳಿಯನೋ ತಮ್ಮ ಖಾತೆಯಿಂದ ಕಟ್ಟಿದರೂ ತೊಂದರೆಯಿಲ್ಲ, ಬಿಲ್ಲೇ ಕಡಿಮೆಯಾಗಿ ಬರುತ್ತದೆ.

ಇಷ್ಟು ದೊಡ್ಡ ಮೊತ್ತ ಕಟ್ಟುವವರು 70 ಡಾಲರ್ ಹುಡುಕುವ ಮುಂಚೆ ಎರಡು ಬಾಗಿಲು ತಟ್ಟಿ ನೋಡಬೇಕು.

ಮೊದಲನೆಯದು ಸಂಗಾತಿಯ ದುಡಿಮೆ. ಮಾವನವರು ಇಲ್ಲಿ 40 ಕ್ವಾರ್ಟರ್, ಅಂದರೆ ಸುಮಾರು ಹತ್ತು ವರ್ಷ ದುಡಿದು 62 ದಾಟಿದ್ದರೆ ಅತ್ತೆಯವರಿಗೆ ಪಾರ್ಟ್ ಎ ಉಚಿತ. ಮಕ್ಕಳ ದುಡಿಮೆ ಇದಕ್ಕೆ ಲೆಕ್ಕಕ್ಕೆ ಬರುವುದಿಲ್ಲ. 30ರಿಂದ 39 ಕ್ವಾರ್ಟರ್ ಇದ್ದರೆ 565 ಬದಲು 311.

ಎರಡನೆಯದು ಮೆಡಿಕೇರ್ ಸೇವಿಂಗ್ಸ್ ಪ್ರೋಗ್ರಾಂ. ಇದು ರಾಜ್ಯದ ಮೆಡಿಕೇಯ್ಡ್ ಕಚೇರಿಯ ಮೂಲಕ ನಡೆಯುತ್ತದೆ. ಇದರಲ್ಲಿ ಕ್ಯೂಎಂಬಿ, ಎಸ್‌ಎಲ್‌ಎಂಬಿ, ಕ್ಯೂಐ ಎಂಬ ಮೂರು ಮೆಟ್ಟಿಲುಗಳಿವೆ. 2025ರ ಲೆಕ್ಕದಲ್ಲಿ ಒಬ್ಬರ ತಿಂಗಳ ಆದಾಯದ ಮಿತಿ ಕ್ರಮವಾಗಿ 1,325, 1,585 ಮತ್ತು 1,781 ಡಾಲರ್. ಉಳಿತಾಯ-ಹೂಡಿಕೆಯ ಮಿತಿ 9,660. ಮನೆ ಮತ್ತು ಒಂದು ಕಾರು ಈ ಮಿತಿಯೊಳಗೆ ಸೇರುವುದಿಲ್ಲ. ಕೆಲವು ರಾಜ್ಯಗಳಲ್ಲಿ ಮಿತಿ ಇನ್ನೂ ಸಡಿಲ. ಮೂರರಲ್ಲಿ ಯಾವುದು ಸಿಕ್ಕರೂ ಪಾರ್ಟ್ ಬಿ ಪೂರ್ತಿ ರಾಜ್ಯವೇ ಕಟ್ಟುತ್ತದೆ. ಕ್ಯೂಎಂಬಿ ಸಿಕ್ಕರೆ ಪಾರ್ಟ್ ಎ ಪ್ರೀಮಿಯಂ ಕೂಡ, ಜೊತೆಗೆ ಮೆಡಿಕೇರ್‌ನ ಡಿಡಕ್ಟಿಬಲ್ (ವಿಮೆ ಕೊಡಲು ಶುರು ಮಾಡುವ ಮುಂಚೆ ತಾವೇ ಕಟ್ಟಬೇಕಾದ ಮೊತ್ತ), ಕೋಪೇಗಳೂ. ಔಷಧಿ ಖರ್ಚು ತಗ್ಗಿಸುವ ಎಕ್ಸ್‌ಟ್ರಾ ಹೆಲ್ಪ್ ತಾನಾಗಿಯೇ ಸೇರಿಕೊಳ್ಳುತ್ತದೆ. ಇದರ ಮುಂದೆ 70 ಡಾಲರ್ ಯಾವ ಲೆಕ್ಕ?

ಒಂದು ಎಚ್ಚರ: ಮಕ್ಕಳು ಐ-864 (ಖರ್ಚಿನ ಹೊಣೆ ಹೊರುವ ವಲಸೆ ಫಾರಂ) ಸಹಿ ಮಾಡಿ ಕರೆಸಿಕೊಂಡಿದ್ದರೆ, ತಾಯಿ ನಾಗರಿಕರಾಗುವವರೆಗೆ ಅಥವಾ 40 ಕ್ವಾರ್ಟರ್ ತುಂಬುವವರೆಗೆ ಸ್ಪಾನ್ಸರ್ ಮಾಡಿದವರ ಆದಾಯವನ್ನೂ ರಾಜ್ಯ ಲೆಕ್ಕಕ್ಕೆ ಸೇರಿಸಬಹುದು. ಅರ್ಜಿ ಹಾಕುವ ಮುಂಚೆ ನಿಮ್ಮ ರಾಜ್ಯದ ಶಿಪ್ (ಮೆಡಿಕೇರ್ ಬಗ್ಗೆ ಸಲಹೆ ಕೊಡುವ ಸರ್ಕಾರಿ ಕಾರ್ಯಕ್ರಮ) ಸಲಹೆಗಾರರನ್ನು ಕೇಳಿ. ಉಚಿತ ಸೇವೆ, ಅವರು ಪ್ಲ್ಯಾನ್ ಮಾರುವವರಲ್ಲ.

ಮತ್ತೆ, ಊರಿಗೆ ಹೋಗುವ ವಿಷಯ. ನಮ್ಮವರಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಸೇವಾ ಪ್ರದೇಶದಿಂದ ಸತತ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅಡ್ವಾಂಟೇಜ್ ಪ್ಲ್ಯಾನ್ ಸದಸ್ಯತ್ವ ರದ್ದು ಮಾಡಬೇಕೆಂಬುದು ನಿಯಮ. ರದ್ದಾದರೆ ಮೂಲ ಮೆಡಿಕೇರ್‌ಗೆ ಮರಳುತ್ತಾರೆ, ಗಿವ್‌ಬ್ಯಾಕ್ ನಿಲ್ಲುತ್ತದೆ, ಪ್ಲ್ಯಾನ್ ಒಳಗಿದ್ದ ಔಷಧಿ ಕವರೇಜೂ ಹೋಗುತ್ತದೆ. ಪಾರ್ಟ್ ಬಿ ಮಾತ್ರ ಬಿಲ್ ಕಟ್ಟುತ್ತಿರುವವರೆಗೆ ಉಳಿಯುತ್ತದೆ. ಬಿಲ್‌ಗಳಿಗೆ ತಿಂಗಳ 25 ಗಡುವು. ಮನೆಯಲ್ಲಿ ಅಂಚೆ ನೋಡುವವರಿಲ್ಲದಿದ್ದರೆ ಹೊರಡುವ ಎರಡು ತಿಂಗಳ ಮೊದಲೇ ಮೆಡಿಕೇರ್ ಈಜಿ ಪೇ (ಬ್ಯಾಂಕ್ ಖಾತೆಯಿಂದ ತಾನಾಗಿ ಬಿಲ್ ಕಟ್ಟುವ ವ್ಯವಸ್ಥೆ) ಹಾಕಿಸಿ, ಚಾಲ್ತಿಗೆ ಬರಲು ಆರೆಂಟು ವಾರ ಹಿಡಿಯುತ್ತದೆ. ಖರ್ಚು ಉಳಿಸಲೆಂದು ಪಾರ್ಟ್ ಬಿ ಬಿಟ್ಟು ಹೋದರೆ ಮರಳಿ ಸೇರುವಾಗ ಮೇಲೆ ಹೇಳಿದ ಶೇಕಡ 10ರ ದಂಡ ಜೀವನಪರ್ಯಂತ ಅಂಟಿಕೊಳ್ಳುತ್ತದೆ.

ಬಿಲ್‌ನೋಡುಗ:

ಕ್ಯೂಎಂಬಿ ಬಗ್ಗೆ ಗೊತ್ತೇ ಇರಲಿಲ್ಲ, ಶಿಪ್‌ನವರಿಗೆ ಫೋನ್ ಮಾಡುತ್ತೇವೆ. ಅಪ್ಪನ ವಿಷಯಕ್ಕೆ ಬಂದರೆ, ಈಗಿರುವ ಪ್ಲ್ಯಾನ್‌ನಲ್ಲಿ ಗಿವ್‌ಬ್ಯಾಕ್ ಇಲ್ಲ, ವರ್ಷದ ಗರಿಷ್ಠ ಜೇಬಿನ ಖರ್ಚು 5,000. ಹೊಸದರಲ್ಲಿ 70 ಗಿವ್‌ಬ್ಯಾಕ್, ಗರಿಷ್ಠ 9,250. ಎರಡನ್ನೂ ತೂಗುವುದು ಹೇಗೆ? ಅವರಿಗೆ ಸಕ್ಕರೆ ಕಾಯಿಲೆ ಇದೆ, ದಿನಾ ನಾಲ್ಕು ಮಾತ್ರೆ. ಬೇರೆ ದೊಡ್ಡ ತೊಂದರೆ ಇಲ್ಲ.

ತಕ್ಕಡಿ:

70 × 12 = 840. ವರ್ಷಕ್ಕೆ ಖಂಡಿತ ಕೈಗೆ ಬರುವುದು ಇದು. ಎದುರಿನ ತಟ್ಟೆಗೆ ಏನೇನು ಹಾಕಬೇಕು ನೋಡಿ.

9,250 ಎನ್ನುವುದು 2026ರಲ್ಲಿ ನೆಟ್‌ವರ್ಕ್ (ಪ್ಲ್ಯಾನ್ ಜೊತೆ ಒಪ್ಪಂದವಿರುವ ಡಾಕ್ಟರ್, ಆಸ್ಪತ್ರೆಗಳು) ಒಳಗಿನ ಖರ್ಚಿಗೆ ಕಾನೂನು ಒಪ್ಪುವ ಅತಿ ಹೆಚ್ಚಿನ ಮಿತಿ. ಅಂದರೆ ಈ ಪ್ಲ್ಯಾನ್ ಮೇಲಿನ ಗೋಡೆಗೆ ತಾಗಿಕೊಂಡೇ ನಿಂತಿದೆ. ಪಿಪಿಒ (ನೆಟ್‌ವರ್ಕ್ ಹೊರಗೂ ಹೋಗಲು ಬಿಡುವ ಪ್ಲ್ಯಾನ್) ಆಗಿದ್ದರೆ ನೆಟ್‌ವರ್ಕ್ ಒಳಗೂ ಹೊರಗೂ ಸೇರಿದ ಮಿತಿ ಬೇರೆ, ಅದು 13,900ರವರೆಗೆ ಹೋಗಬಹುದು. ಎರಡು ಪ್ಲ್ಯಾನ್‌ಗಳ ಅಂತರ 4,250. ಒಂದು ಕೆಟ್ಟ ವರ್ಷ ಬಂದರೆ ಐದು ವರ್ಷದ ಗಿವ್‌ಬ್ಯಾಕ್ ಅಲ್ಲಿಗೆ ಹೋಯಿತು.

ಆದರೆ ಗರಿಷ್ಠ ಮಿತಿ ಮುಟ್ಟುವವರು ಕಡಿಮೆ. ಅಪ್ಪನವರಂಥವರಿಗೆ ಹೆಚ್ಚು ಬೆಲೆಯ ಸಾಲು ಆಸ್ಪತ್ರೆ ದಾಖಲಾತಿಯದ್ದು. ಉದಾಹರಣೆಗೆ ಒಂದು ಪ್ಲ್ಯಾನ್ ಮೊದಲ ಆರು ದಿನ ದಿನಕ್ಕೆ 250, ಇನ್ನೊಂದು 400 ಕೇಳುತ್ತದೆ ಎನ್ನಿ. ಆರು ದಿನಕ್ಕೆ 1,500 ಮತ್ತು 2,400. ವ್ಯತ್ಯಾಸ 900. ಒಂದೇ ಒಂದು ಸಲ ದಾಖಲಾದರೆ ವರ್ಷದ ಗಿವ್‌ಬ್ಯಾಕ್‌ಗಿಂತ ಹೆಚ್ಚು ಹೋಯಿತು. ಹಾಗಾಗಿ ಇವಿಷ್ಟು ಸಾಲುಗಳನ್ನು ಪ್ಲ್ಯಾನ್‌ನ ಸಮ್ಮರಿ ಆಫ್ ಬೆನಿಫಿಟ್ಸ್‌ನಲ್ಲಿ ಪಕ್ಕ ಪಕ್ಕ ಇಟ್ಟು ಓದಿ: ಆಸ್ಪತ್ರೆ ದಿನದ ಕೋಪೇ, ಹೊರರೋಗಿ ಸರ್ಜರಿ, ಸ್ಪೆಷಲಿಸ್ಟ್ ಕೋಪೇ, ಸ್ಕ್ಯಾನ್‌ಗಳು, ಆಂಬುಲೆನ್ಸ್. ಸಕ್ಕರೆ ಕಾಯಿಲೆ ಇರುವುದರಿಂದ ಟೆಸ್ಟ್ ಸ್ಟ್ರಿಪ್ ಯಾವ ಬ್ರ್ಯಾಂಡಿಗೆ ಸೀಮಿತ, ಕಣ್ಣಿನ ರೆಟಿನಾ ಪರೀಕ್ಷೆ ಮಾಡುವ ಡಾಕ್ಟರ್ ನೆಟ್‌ವರ್ಕ್‌ನಲ್ಲಿದ್ದಾರೆಯೇ ಎನ್ನುವುದನ್ನೂ ನೋಡಿ. ಹಲ್ಲಿನ ಸೌಲಭ್ಯದ ಹೊಳಪು ಕೊನೆಗೆ ನೋಡಿದರೆ ಸಾಕು.

ಔಷಧಿಯಲ್ಲಿ ಒಂದು ಹೊಂಡ ಇದೆ. ತುಂಬಾ ದೊಡ್ಡ ಗಿವ್‌ಬ್ಯಾಕ್ ಕಾಣಿಸಿದರೆ ಆ ಪ್ಲ್ಯಾನ್‌ನಲ್ಲಿ ಪಾರ್ಟ್ ಡಿ (ಔಷಧಿ ಕವರೇಜ್) ಇದೆಯೇ ಎಂದು ಮೊದಲು ನೋಡಿ. ಮಿಲಿಟರಿಯಲ್ಲಿ ಸೇವೆ ಮಾಡಿ ವಿಎ (ಮಾಜಿ ಸೈನಿಕರ ಸರ್ಕಾರಿ ಇಲಾಖೆ) ಕಡೆಯಿಂದ ಔಷಧಿ ಪಡೆಯುವವರನ್ನು ಗುರಿಯಾಗಿಟ್ಟುಕೊಂಡು ಔಷಧಿ ಕವರೇಜ್ ಇಲ್ಲದ ಪ್ಲ್ಯಾನ್‌ಗಳನ್ನು ಮಾಡಿರುತ್ತಾರೆ, ಅವರಿಗೆ ಅದು ಸರಿಹೊಂದುತ್ತದೆ. ಉಳಿದವರು ಅಂಥದ್ದಕ್ಕೆ ಸೇರಿ, ಆಮೇಲೆ ಪ್ರತ್ಯೇಕ ಪಾರ್ಟ್ ಡಿ ತೆಗೆದುಕೊಂಡರೆ ಎಚ್‌ಎಂಒ (ಹೆಚ್ಚಾಗಿ ನೆಟ್‌ವರ್ಕ್ ಒಳಗೇ ಸೀಮಿತವಾದ ಪ್ಲ್ಯಾನ್) ಅಥವಾ ಪಿಪಿಒ ಪ್ಲ್ಯಾನ್‌ನಿಂದಲೇ ಹೊರಬೀಳುತ್ತಾರೆ. ತೆಗೆದುಕೊಳ್ಳದೆ ಸುಮ್ಮನಿದ್ದರೆ, 63 ದಿನ ಅಥವಾ ಹೆಚ್ಚು ಮಾನ್ಯ ಔಷಧಿ ಕವರೇಜ್ ಇಲ್ಲದೆ ಕಳೆದ ತಿಂಗಳೊಂದಕ್ಕೆ ಮೂಲ ಪ್ರೀಮಿಯಂನ ಶೇಕಡ 1ರಂತೆ ದಂಡ. 2026ರ ಮೂಲ ಪ್ರೀಮಿಯಂ 38.99, ಎರಡು ವರ್ಷ ಬಿಟ್ಟವರಿಗೆ ತಿಂಗಳಿಗೆ 9.40ರಷ್ಟು, ಅದೂ ಪಾರ್ಟ್ ಡಿ ಇರುವಷ್ಟು ಕಾಲ. ಅಪ್ಪನವರ ನಾಲ್ಕೂ ಮಾತ್ರೆಗಳನ್ನು ಡೋಸ್ ಸಮೇತ ಮೆಡಿಕೇರ್ ಸೈಟಿನ ಪ್ಲ್ಯಾನ್ ಫೈಂಡರ್‌ನಲ್ಲಿ ಹಾಕಿ. ವರ್ಷದ ಅಂದಾಜು ಖರ್ಚು ಬರುತ್ತದೆ. ಗಿವ್‌ಬ್ಯಾಕ್ ಮೊತ್ತವೂ ಅಲ್ಲೇ ಪ್ಲ್ಯಾನ್ ವಿವರದ ಪ್ರೀಮಿಯಂ ಭಾಗದಲ್ಲಿ ಇರುತ್ತದೆ, ಏಜೆಂಟ್ ಹೇಳಿದ ಸಂಖ್ಯೆಯನ್ನು ಅದರ ಜೊತೆ ಹೋಲಿಸಿ. ಪಿನ್ ಕೋಡ್ ಜೊತೆ ಕೌಂಟಿಯೂ ಸರಿಯಾಗಿ ಆರಿಸಿ. ಒಂದೇ ಹೆಸರಿನ ಪ್ಲ್ಯಾನ್ ಪಕ್ಕದ ಕೌಂಟಿಯಲ್ಲಿ ಬೇರೆ ಮೊತ್ತ ಕೊಡುತ್ತಿರಬಹುದು.

ಗಿವ್‌ಬ್ಯಾಕ್ ಒಂದು ವರ್ಷದ ಮಾತು ಅಷ್ಟೇ. ಮುಂದಿನ ವರ್ಷ 70 ಇದ್ದದ್ದು 20 ಆಗಬಹುದು, ಪೂರ್ತಿ ಹೋಗಲೂಬಹುದು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಬರುವ ವಾರ್ಷಿಕ ಬದಲಾವಣೆ ಪತ್ರವನ್ನು ಜಾಹೀರಾತು ಎಂದುಕೊಂಡು ಕಸದ ಬುಟ್ಟಿಗೆ ಹಾಕಬೇಡಿ, ಪ್ರೀಮಿಯಂ ಕೋಷ್ಟಕದಲ್ಲೇ ಈ ಬದಲಾವಣೆ ಇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ: ಡಾಕ್ಟರುಗಳೂ ಔಷಧಿಗಳೂ ಎರಡರಲ್ಲೂ ಒಂದೇ ರೀತಿ ಇದ್ದು, ಬ್ಯಾಂಕಿನಲ್ಲಿ ಹತ್ತು ಸಾವಿರ ಆಪತ್ತಿಗೆಂದು ಇದ್ದವರು ಗಿವ್‌ಬ್ಯಾಕ್ ಪ್ಲ್ಯಾನ್ ತೆಗೆದುಕೊಳ್ಳಬಹುದು. ಆ ಹಣ ಇಲ್ಲದವರಿಗೆ 5,000 ಮಿತಿಯದ್ದೇ ಲೇಸು.

ಮೆಡಿಗ್ಯಾಪ್ ಮರೆಯಬೇಡಿ:

ಚಿಕ್ಕ ಸೇರ್ಪಡೆ, ಇದನ್ನು ಓದುವ ಬೇರೆಯವರಿಗೆ. ಈಗ ಮೂಲ ಮೆಡಿಕೇರ್ ಮತ್ತು ಮೆಡಿಗ್ಯಾಪ್ ಇರುವವರು ಗಿವ್‌ಬ್ಯಾಕ್ ಆಸೆಗೆ ಅಡ್ವಾಂಟೇಜ್‌ಗೆ ಹಾರಿದರೆ, ಮರಳಿ ಬರುವಾಗ ಮೆಡಿಗ್ಯಾಪ್ ಕಂಪನಿ ಆರೋಗ್ಯ ವಿಚಾರಿಸಿ ತಿರಸ್ಕರಿಸಬಹುದು. ಮೊದಲ ಸಲ ಅಡ್ವಾಂಟೇಜ್‌ಗೆ ಹೋದವರಿಗೆ 12 ತಿಂಗಳ ಪ್ರಯೋಗದ ಹಕ್ಕು ಇದೆ. ಅದು ಕಳೆದ ಮೇಲೆ ಹೆಚ್ಚಿನ ರಾಜ್ಯಗಳಲ್ಲಿ ಬಾಗಿಲು ಕಿರಿದು. ನ್ಯೂಯಾರ್ಕ್, ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ಮೇನ್‌ನಲ್ಲಿ ನಿಯಮ ಉದಾರ.

ಲೆಕ್ಕದಪುಸ್ತಕ:

ಸೇರಿದ ಮೇಲೆ ಹಣ ಕಾಣದಿದ್ದರೆ ಏನು ಮಾಡಬೇಕು ಎನ್ನುವುದು ಮುಂದಿನ ಪ್ರಶ್ನೆಯಾಗುತ್ತದೆ, ಈಗಲೇ ಬರೆದುಬಿಡುತ್ತೇನೆ.

ಮೂರನೇ ತಿಂಗಳ ಕಡಿತವೂ ಇಳಿಯದಿದ್ದರೆ ಮೊದಲ ಫೋನ್ ಪ್ಲ್ಯಾನ್‌ನ ಸದಸ್ಯ ಸೇವೆಗೆ, ಕಾರ್ಡಿನ ಹಿಂದೆ ನಂಬರ್ ಇರುತ್ತದೆ. ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಮೊದಲು ಹೋದರೆ ಅವರು "ನಮಗೆ ಮಾಹಿತಿ ಬಂದಿಲ್ಲ" ಎಂದು ಕಳಿಸಿಬಿಡಬಹುದು, ಏಕೆಂದರೆ ರಿಡಕ್ಷನ್‌ನ ಮಾಹಿತಿ ಹೊರಡುವುದು ಪ್ಲ್ಯಾನ್ ಕಡೆಯಿಂದ. ಪ್ಲ್ಯಾನ್‌ನವರನ್ನು ಕೇಳಬೇಕಾದದ್ದು ಮೂರು: ನನ್ನ ಪ್ಲ್ಯಾನ್‌ನಲ್ಲಿ ಈ ವರ್ಷ ರಿಡಕ್ಷನ್ ಮೊತ್ತ ಎಷ್ಟು, ಅದು ಯಾವ ತಿಂಗಳಿನಿಂದ ಅನ್ವಯ, ಮೆಡಿಕೇರ್‌ಗೆ ಮಾಹಿತಿ ಹೋಗಿದೆಯೇ. ಮಾತಾಡಿದ ದಿನಾಂಕ ಮತ್ತು ಕರೆಯ ಉಲ್ಲೇಖ ಸಂಖ್ಯೆ ಬರೆದಿಟ್ಟುಕೊಳ್ಳಿ. ಹೋಗಿದೆ ಎಂದರೆ 1-800-633-4227ಕ್ಕೆ, ಅಂದರೆ ಮೆಡಿಕೇರ್‌ಗೆ; ಅಲ್ಲೂ ಸರಿಯಿದ್ದರೆ ಆಗ 1-800-772-1213ಕ್ಕೆ, ಸೋಷಿಯಲ್ ಸೆಕ್ಯುರಿಟಿಗೆ. ರೈಲ್ವೆ ನಿವೃತ್ತರಿಗೆ ಸೋಷಿಯಲ್ ಸೆಕ್ಯುರಿಟಿ ಬದಲು ರೈಲ್‌ರೋಡ್ ರಿಟೈರ್‌ಮೆಂಟ್ ಬೋರ್ಡ್.

ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಪ್ಲ್ಯಾನ್ ಅರ್ಜಿಯಲ್ಲಿ ಮೆಡಿಕೇರ್ ಕಾರ್ಡಿನಲ್ಲಿ ಇರುವಂತೆಯೇ ಇದೆಯೇ ನೋಡಿ. ನಮ್ಮವರ ಇನಿಷಿಯಲ್, ಊರಿನ ಹೆಸರುಗಳು ಮೊದಲ ಹೆಸರೋ ಕೊನೆಯ ಹೆಸರೋ ಎಂಬ ಗೊಂದಲದಲ್ಲಿ ಅರ್ಜಿಗಳು ಸಿಕ್ಕಿಕೊಳ್ಳುತ್ತವೆ. ನೇರ ಬಿಲ್ ಬರುವವರು, ಅಂದರೆ ನಿಮ್ಮ ಅತ್ತೆಯವರು, ಗಿವ್‌ಬ್ಯಾಕ್ ಬಂದೀತೆಂದು ತಾವೇ 70 ಕಳೆದು ಕಟ್ಟಬಾರದು. ಬಿಲ್‌ನಲ್ಲಿ ಬರೆದಷ್ಟನ್ನೂ ಕಟ್ಟಿ, ಹೆಚ್ಚಾದದ್ದು ಮುಂದಿನ ಬಿಲ್‌ಗೆ ಜಮೆಯಾಗುತ್ತದೆ. ಕಡಿಮೆ ಕಟ್ಟಿದರೆ ಬಾಕಿ ಎಂದು ಬೆಳೆಯುತ್ತಾ ಹೋಗಿ ಪಾರ್ಟ್ ಬಿಯೇ ರದ್ದಾಗುವ ತನಕ ಬರಬಹುದು, ಪಾರ್ಟ್ ಬಿ ಹೋದರೆ ಅಡ್ವಾಂಟೇಜ್ ಪ್ಲ್ಯಾನೂ ಹೋಗುತ್ತದೆ.

ಪ್ಲ್ಯಾನ್ ಬಿಡುವಾಗಲೂ ಇದೇ ತಡ, ಆದರೆ ತಿರುಗಾಮುರುಗಾ. ಜನವರಿ 1ರಿಂದ ಮಾರ್ಚ್ 31ರ ಅವಧಿಯಲ್ಲಿ ಬೇರೆ ಪ್ಲ್ಯಾನ್‌ಗೆ ಹೋದವರಿಗೆ ಹಳೆಯ ರಿಡಕ್ಷನ್ ಒಂದೆರಡು ತಿಂಗಳು ಮುಂದುವರಿದರೆ ಅದನ್ನು ಖರ್ಚು ಮಾಡದೆ ಇಟ್ಟುಕೊಳ್ಳಿ, ಆಮೇಲೆ ಒಟ್ಟಿಗೆ ಹಿಡಿದುಕೊಳ್ಳುತ್ತಾರೆ.